ಕೆರಿಬಿಯನ್‌ಗೆ ಹೋದ ಚರುಂಬುರಿ ಡಬ್ಬ

"ಬರುವ ಶುಕ್ರವಾರ ನಾನು ಕೆರಿಬಿಯನ್‌ಗೆ ಹೋಗ್ತೇನೆ!"

ಚಂದ್ರಾವತಿ ಈ ಐತಿಹಾಸಿಕ ಘೋಷಣೆ ಹೊರಡಿಸಿದಾಗ ಅವಳ ಗಂಡ ಕಮಲಾಕ್ಷ ಬಂಗುಡೆಯ ಮುಳ್ಳು ಬಿಡಿಸುತ್ತಿದ್ದ. ಮುಳ್ಳು ಬಿಡಿಸುವಾಗ ಸಾಕ್ಷಾತ್ ಕಂಪೆನಿಯ ಮಾಲೀಕನೇ ಬಂದರೂ ಅವನು ತಲೆ ಎತ್ತುವವನಲ್ಲ. ಈಗ ಎತ್ತಿದ.

"ಎಲ್ಲಿಗೆ?"

"ಕೆರಿಬಿಯನ್‌ಗೆ. ಬೆಳಿಗ್ಗೆ ಹೋಗಿ ಸಾಯಂಕಾಲ ಬರುದು."

"ಓಹೋ! ಹಾಗಾದ್ರೆ ಮಧ್ಯಾಹ್ನದ ಊಟಕ್ಕೆ ಅಮೆರಿಕದಲ್ಲಿ ಇಳೀತೀಯಾ?"

ತಪ್ಪು ಚಂದ್ರಾವತಿಯದಲ್ಲ, ಟೀನಾಳದು. ಟೀನಾ ಎಂದರೆ ಕ್ಲೊಟಿಲ್ಡಾಳ ನಾದಿನಿ, ಕೆನಡಾದಲ್ಲಿರುವವಳು. ಕ್ಲೊಟಿಲ್ಡಾ ಎಂದರೆ ಇಲ್ಲೇ ಬಹ್ರೇನಿನ ಅದ್ಲಿಯಾದ ಕ್ಲಿನಿಕ್ಕಿನಲ್ಲಿ ನರ್ಸು, ಅದೇ ಕ್ಲಿನಿಕ್ಕಿನ ರಿಸೆಪ್ಶನ್ ಮೇಜಿನ ಹಿಂದೆ ಕೂರುವ ಚಂದ್ರಾವತಿಯ ಜೀವದ ಗೆಳತಿ. ಈ ಟೀನಾ ಕೆರಿಬಿಯನ್ ದ್ವೀಪಕ್ಕೆ ಹೋಗಿ, ನೀಲಿ ನೀರಿನಲ್ಲಿ ಕಾಲು ಅದ್ದಿ, ತಲೆಗೆ ಚಪ್ಪರದಷ್ಟು ಅಗಲದ ಟೋಪಿ ಇಟ್ಟು, ಫೋನಿನ ಹೊಟ್ಟೆ ತುಂಬುವಷ್ಟು ಫೋಟೊ ಕಳಿಸಿದ್ದಳು. ಗೆಳತಿಯರಿಬ್ಬರೂ ನೋಡಿ "ಚಂದ ಉಂಟಲ್ವಾ" ಎಂದು ಬಾಯಲ್ಲಿ ಹೇಳಿ ಹೊಟ್ಟೆಯಲ್ಲಿ ಉರಿದುಕೊಂಡರು.

ಆ ಉರಿಗೆ ಸರಿಯಾಗಿ ಒಂದು ಜಾಹೀರಾತು ಬಂತು. 'ಬಹ್ರೇನಿನಲ್ಲೇ ಕೆರಿಬಿಯನ್! ಜರಾದಾ ದ್ವೀಪಕ್ಕೆ ಒಂದು ದಿನದ ದೋಣಿ ಪ್ರವಾಸ!' ದ್ವೀಪವೆಂದರೆ ಮನೆ ಮಠ ಇರುವ ದ್ವೀಪವಲ್ಲ. ಕಡಲ ನಡುವೆ ಇಳಿತದ ಹೊತ್ತಿನಲ್ಲಿ ಮಾತ್ರ ತಲೆ ಎತ್ತಿ, ಭರತ ಬಂದೊಡನೆ ಮುಳುಗಿಬಿಡುವ ಬಿಳಿ ಮರಳಿನ ದಿಬ್ಬ. ಆದರೆ ಚಿತ್ರದಲ್ಲಿ ನೀರು ಟೀನಾಳ ನೀರಿಗಿಂತಲೂ ನೀಲಿಯಾಗಿತ್ತು! ವೀಸಾ ಬೇಡ, ವಿಮಾನ ಬೇಡ. ಟೀನಾಳದ್ದಕ್ಕಿಂತ ದೊಡ್ಡ ಟೋಪಿಯೊಂದು ಇದ್ದರೆ ಸಾಕು.

"ಹೋಗು, ಬೇಡ ಹೇಳುದಿಲ್ಲ" ಎಂದ ಕಮಲಾಕ್ಷ, ಮತ್ತೆ ಬಂಗುಡೆಗೆ ತಲೆ ಬಗ್ಗಿಸಿ. "ಆದ್ರೆ ಎಂತ ಕಳ್ಕೊಂಡು ಬರ್ತೀ ಅಂತ ಈಗ್ಲೇ ಹೇಳಿ ಹೋಗು. ನಂಗೆ ಆಮೇಲೆ ಹುಡುಕ್ಲಿಕ್ಕೆ ಸುಲಭ."

ಮಾತು ಚುಚ್ಚಿತು. ನಿಜವಾದ್ದರಿಂದ ತುಸು ಜಾಸ್ತಿಯೇ ಚುಚ್ಚಿತು. ಚಂದ್ರಾವತಿ ಗುರುತಿನ ಕಾರ್ಡನ್ನು ಎರಡು ಸಲ ಕಳೆದವಳು. ಮನಾಮಾದ ಸೂಕ್ ಮಾರುಕಟ್ಟೆಯಲ್ಲಿ ಒಂದು ಕಾಲಿನ ಚಪ್ಪಲಿ ಮಾತ್ರ ಕಳೆದು ಕುಂಟುತ್ತಾ ಮನೆಗೆ ಬಂದವಳು. ವರ್ಷಕ್ಕೆ ನಾಲ್ಕು ಹನಿ ಮಳೆ ಬೀಳದ ಈ ಊರಿನಲ್ಲಿ ಕೊಡೆ ಕಳೆದುಕೊಂಡ ಏಕೈಕ ಮಹಿಳೆ ಎಂಬ ಕೀರ್ತಿಯೂ ಅವಳದೇ.

"ಒಂದು ಪಿನ್ನು ಸಹ ಕಳೆಯದೆ ಬರ್ತೇನೆ! ಬಂದ್ರೆ ಎಂತ ಮಾಡ್ತೀರಿ?"

"ಬಂದ್ರೆ ಒಂದು ವಾರ ಅಡಿಗೆ ನಂದು."

"ಪಾತ್ರೆ?"

"ಪಾತ್ರೆಯೂ ನಂದೇ."

ಪಂಥ ಕಟ್ಟಿ ಆಯಿತು. ಆ ರಾತ್ರಿ ಗಂಡ ಮೀನು ತೊಳೆಯುವ ಕನಸು ಕಾಣುತ್ತಾ ಚಂದ್ರಾವತಿ ಸುಖವಾಗಿ ನಿದ್ರಿಸಿದಳು.

ಒಂದೇ ಒಂದು ತೊಡಕಿತ್ತು. ಅದೇ ಶುಕ್ರವಾರ ಸಂಜೆ ಮಾಹೂಝ್‌ನಲ್ಲಿ ಕಮಲಾಕ್ಷನ ಜೊತೆ ಕೆಲಸ ಮಾಡುವ ಪ್ರವೀಣನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಕಮಲಾಕ್ಷ ಜೆಟ್ಟಿಗೇ ಕಾರು ತಂದು ಅಲ್ಲಿಂದ ನೇರ ಪೂಜೆಗೆ ಕರೆದೊಯ್ಯುವುದೆಂದು ತೀರ್ಮಾನ. ಹಾಗಾಗಿ ಸೀರೆ ಬ್ಯಾಗಿನಲ್ಲಿ, ಕರಿಮಣಿ ಕುತ್ತಿಗೆಯಲ್ಲಿ. ಕರಿಮಣಿಯೆಂದರೆ ಅಂಗಡಿಯಲ್ಲಿ ಕೊಂಡದ್ದಲ್ಲ. ಮದುವೆಯ ಹೊತ್ತಿಗೆ ಕೈಯಲ್ಲಿ ಕಾಸಿಲ್ಲದ ಕಮಲಾಕ್ಷನಿಗಾಗಿ ಅವನ ಅಮ್ಮ ತನ್ನ ಎರಡು ಬಳೆಗಳನ್ನು ಕರಗಿಸಿ ಮಾಡಿಸಿದ ಸರ. ಬಳೆಯಿಲ್ಲದ ಕೈಯಲ್ಲೇ ಅದನ್ನು ಸೊಸೆಯ ಕುತ್ತಿಗೆಗೆ ನೇರ ಮಾಡಿ ಕೂರಿಸಿ "ಚಂದ ಕಾಣ್ತದೆ ಮಗಾ" ಎಂದಿದ್ದರು ಆ ಅತ್ತೆ. ಈಗ ಅವರಿಲ್ಲ. ಚಂದ್ರಾವತಿ ಏನೇನೋ ಕಳೆದಿರಬಹುದು, ಅದೊಂದನ್ನು ಮಾತ್ರ ಸ್ನಾನಕ್ಕೂ ತೆಗೆದವಳಲ್ಲ.

ಪ್ರವಾಸಿಗರು ಹಗುರವಾಗಿ ಹೋಗಬೇಕು ಎಂಬುದು ಅವಳ ಎರಡನೆಯ ಪ್ರತಿಜ್ಞೆ. ಒಂದು ಟವೆಲು, ಒಂದು ಟೋಪಿ, ಅಷ್ಟೇ! ಆದರೆ ಕಡಲಿಗೆ ಹೋಗಿ ಚರುಂಬುರಿ ತಿನ್ನದೆ ಬರುವುದು ಹೇಗೆ? ಊರಿನ ಬೀಚಿನಲ್ಲಾದರೆ ಗಾಡಿಯವನಿದ್ದಾನೆ, ಇಲ್ಲಿ ಯಾರಿದ್ದಾರೆ? ಹಾಗೆ ಒಂದು ದೊಡ್ಡ ಡಬ್ಬ ಮಂಡಕ್ಕಿ ಬಂತು. ಹಿಂದೆಯೇ ನೀರುಳ್ಳಿ, ಟೊಮೆಟೊ, ಕ್ಯಾರೆಟ್, ಖಾರದ ಪುಡಿ, ತೆಂಗಿನೆಣ್ಣೆ, ನೆಲಗಡಲೆ, ಪೊಟ್ಟಣ ಕಟ್ಟಲು ಹಳೆಯ ಪತ್ರಿಕೆ ಮೆರವಣಿಗೆ ಬಂದವು. ಸಂಜೆಯ ಪೂಜೆಗೆ ಮಧ್ಯಾಹ್ನದ ನೀರುಳ್ಳಿ ಅಡ್ಡಿಯಲ್ಲ ಎಂದು ಅವಳೇ ಒಂದು ಶಾಸ್ತ್ರವನ್ನೂ ರಚಿಸಿಕೊಂಡಳು.

"ಇದೆಂತದು ಮಾರಾಯ್ತಿ!" ಜೆಟ್ಟಿಯಲ್ಲಿ ಕ್ಲೊಟಿಲ್ಡಾ ಬೆಚ್ಚಿಬಿದ್ದಳು. "ಕೆರಿಬಿಯನ್‌ಗೆ ಹೋಗುದಾ, ಮನೆ ಖಾಲಿ ಮಾಡುದಾ?"

"ತಿನ್ನುವಾಗ ಬಾ, ಆಗ ಮಾತಾಡುವ" ಎಂದಳು ಚಂದ್ರಾವತಿ.

ಕ್ಲೊಟಿಲ್ಡಾ ನರ್ಸಲ್ಲವೇ, ಬಿಸಿಲನ್ನೂ ರೋಗದಂತೆಯೇ ಕಾಣುವವಳು. ಉದ್ದ ತೋಳಿನ ಈಜುಡುಗೆಯನ್ನು ಗಲ್ಲದವರೆಗೆ ಜಿಪ್ಪು ಎಳೆದು ಹಾಕಿಕೊಂಡು, ಮುಖಕ್ಕೆ ಬಿಳಿ ಕ್ರೀಮು ಮೆತ್ತಿ, ಹೆಚ್ಚು ಕಡಿಮೆ ಯಕ್ಷಗಾನಕ್ಕೆ ಹೊರಟವಳ ಹಾಗೆ ಕಾಣುತ್ತಿದ್ದಳು.

ದೋಣಿಯ ಚಾಲಕ ಅಝೀಝ್, ಬಿಳಿ ಗಡ್ಡದ ಬಹ್ರೇನಿ. ಪ್ರವಾಸಿಗರನ್ನು ನೋಡಿಕೊಳ್ಳುವ ಹುಡುಗಿ ಶಹಲಾ, ನಮ್ಮ ಉಳ್ಳಾಲದ ಕಡೆಯವಳೇ. ದೋಣಿ ತುಂಬಾ ಜನ. ಫಿಲಿಪ್ಪೀನ್ಸಿನ ಹುಡುಗಿಯರ ಹಿಂಡು, ಲಾಹೋರಿನ ಒಂದು ಸಂಸಾರ, ಬೋಳುತಲೆಯ ಒಬ್ಬ ಇಂಗ್ಲಿಷ್ ಮುದುಕ, ಇನ್ನೂ ಯಾರ್ಯಾರೋ. ಕಡಲ ನಡುವೆ ಬಿಳಿ ದಿಬ್ಬ ಕಂಡಾಗ ಗೆಳತಿಯರಿಬ್ಬರೂ ಒಟ್ಟಿಗೆ ಕಿರುಚಿದರು. ನಿಜಕ್ಕೂ ಅಷ್ಟು ಚಂದವಿತ್ತು! ಟೋಪಿ ಇಟ್ಟು, ಟೋಪಿ ತೆಗೆದು, ಟೋಪಿ ಹಾರಿಸಿ ಫೋಟೊ ತೆಗೆದು ಕೆನಡಾಕ್ಕೆ ರವಾನಿಸಿದರು. ಟೀನಾಳ ಕಡೆಯಿಂದ ಉತ್ತರ ಬರಲಿಲ್ಲ. ಅದೇ ಒಳ್ಳೆಯ ಉತ್ತರವಾಗಿತ್ತು.

ಆಮೇಲೆ ಮುಖಕ್ಕೆ ಗಾಜಿನ ಮಾಸ್ಕು, ಬಾಯಿಗೆ ಕೊಳವೆ ಹಾಕಿ ನೀರಿನಡಿಯ ಮೀನು ನೋಡುವ ಕಾರ್ಯಕ್ರಮ.

"ಅಕ್ಕ, ಸರ ತೆಗೀಬೇಕು" ಎಂದಳು ಶಹಲಾ. "ಮಾಸ್ಕಿನ ಪಟ್ಟಿಗೆ ಸಿಕ್ಕಿ ತುಂಡಾದ್ರೆ ಮುಗೀತು. ನೀರಿಗೆ ಬಿದ್ದದ್ದು ಮತ್ತೆ ಸಿಗುದಿಲ್ಲ."

ತೆಗೆಯುವುದೇ? ಸ್ನಾನಕ್ಕೂ ತೆಗೆಯದ್ದನ್ನು? ಆದರೆ ಸಮುದ್ರಕ್ಕೆ ಬಿದ್ದರೆ? ಚಂದ್ರಾವತಿ ಐದು ಸಲ ಯೋಚಿಸಿ, ಕಣ್ಣಿಗೆ ಒತ್ತಿಕೊಂಡು ತೆಗೆದಳು. ಈಗ ಇಡುವುದೆಲ್ಲಿ? ಬ್ಯಾಗಿನಲ್ಲಿಟ್ಟರೆ ಕಳ್ಳ ಮೊದಲು ನೋಡುವುದೇ ಬ್ಯಾಗು. ಆಗ ಅವಳ ರಕ್ತದಲ್ಲಿದ್ದ ತಲೆಮಾರುಗಳ ಬುದ್ಧಿ ಎಚ್ಚೆತ್ತಿತು. ಅವಳ ಅಜ್ಜಿ ಚಿನ್ನ ಇಡುತ್ತಿದ್ದದ್ದು ಅಕ್ಕಿ ಡಬ್ಬದಲ್ಲಿ. ಅಮ್ಮ ಇಡುತ್ತಿದ್ದದ್ದು ಅಕ್ಕಿ ಡಬ್ಬದಲ್ಲಿ. ಇಲ್ಲಿನ ಫ್ಲಾಟಿನಲ್ಲಿ ಕಬ್ಬಿಣದ ಕಪಾಟಿದ್ದರೂ ಚಂದ್ರಾವತಿಯ ಕಿವಿಯೋಲೆ ಇರುವುದು ಅಕ್ಕಿ ಡಬ್ಬದಲ್ಲೇ! ಯಾವ ಕಳ್ಳನೂ ಅಕ್ಕಿಗೆ ಕೈ ಹಾಕುವುದಿಲ್ಲ. ಮಂಡಕ್ಕಿಯೆಂದರೇನು? ಉಬ್ಬಿದ ಅಕ್ಕಿಯೇ ತಾನೇ!

ಬಿಳಿ ಟಿಶ್ಯೂ ಕಾಗದದಲ್ಲಿ ಸುತ್ತಿ, ಲಿಂಬೆಯಷ್ಟು ಉಂಡೆ ಮಾಡಿ, ಡಬ್ಬದ ತಳಕ್ಕೆ ತಳ್ಳಿದಳು. ಕ್ಲೊಟಿಲ್ಡಾಳಿಗೆ ಹೇಳಲಿಲ್ಲ. ಅಡಗಿಸಿಟ್ಟ ಜಾಗವನ್ನು ಇನ್ನೊಬ್ಬರಿಗೆ ಹೇಳಿದರೆ ಅದು ಅಡಗಿಸಿದ್ದು ಹೇಗಾಯಿತು, ಡಂಗುರವಾಯಿತು. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡು ನೀರಿಗಿಳಿದಳು.

ನೀರಿನಡಿಯ ಲೋಕವನ್ನು ಏನೆಂದು ಬಣ್ಣಿಸಲಿ! ಹಳದಿ ಮೀನು, ಪಟ್ಟೆ ಮೀನು, ಗುಂಪು ಗುಂಪಾಗಿ ಹೊಳೆಯುವ ಮೀನು. ಜಗತ್ತಿನ ಪ್ರವಾಸಿಗರೆಲ್ಲ ಅದನ್ನು ನೋಡಿ ಮೈಮರೆಯುತ್ತಾರಂತೆ. ಚಂದ್ರಾವತಿಯೂ ಮೈಮರೆತಳು, ಆದರೆ ಬೇರೆ ರೀತಿಯಲ್ಲಿ. ಇದು ಗಸಿಗೆ, ಇದು ಫ್ರೈಗೆ, ಇದರಲ್ಲಿ ಮುಳ್ಳು ಜಾಸ್ತಿ! ಪೂಜೆಯ ದಿನ ಹೀಗೆಲ್ಲ ಯೋಚಿಸಬಾರದೆಂದು ಗಲ್ಲಕ್ಕೆ ಹೊಡೆದುಕೊಳ್ಳಹೋಗಿ, ಕೊಳವೆ ಬಾಯಿಂದ ಜಾರಿ, ಕಡಲಿನ ನಾಲ್ಕು ಗುಟುಕು ಹೊಟ್ಟೆಗೆ ಸೇರಿತು. ಕೆಮ್ಮುತ್ತಾ ತಲೆ ಎತ್ತಿ ದಿಬ್ಬದ ಕಡೆ ನೋಡಿದಳು.

ದಿಬ್ಬದ ಮೇಲಿದ್ದ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಕಾಗದದ ಪೊಟ್ಟಣ! ಎಲ್ಲರ ದವಡೆಯೂ ಆಡುತ್ತಿದೆ! ಮಧ್ಯದಲ್ಲಿ, ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಸ್ಟೀಲು ಲೋಟದಲ್ಲಿ ಮೊಗೆಮೊಗೆದು ಹಂಚುತ್ತಾ, ಮದರ್ ಕ್ಲೊಟಿಲ್ಡಾ!

ಚಂದ್ರಾವತಿ ನೀರಿನಿಂದ ಓಡಿ ಬಂದಳು ಎನ್ನುವುದಕ್ಕಿಂತ ಹಾರಿ ಬಂದಳು ಎನ್ನಬೇಕು. ಡಬ್ಬಕ್ಕೆ ಕೈ ಹಾಕಿ ತಳ ಬಳಿದಳು. ನಾಲ್ಕು ಕಾಳು ಮಂಡಕ್ಕಿ, ಎರಡು ನೆಲಗಡಲೆ, ತೆಂಗಿನೆಣ್ಣೆ. ಉಂಡೆ ಇಲ್ಲ!

"ಸಾಕಾಗ್ಲಿಲ್ಲ ಮಾರಾಯ್ತಿ" ಎಂದಳು ಕ್ಲೊಟಿಲ್ಡಾ ಸಂಭ್ರಮದಿಂದ. "ಆ ಇಂಗ್ಲಿಷ್ ಮುದುಕ ಎರಡನೇ ಸಲ ಕೇಳಿದ! ನಿಂಗೆ ಹೇಳುವ ಅಂತ ಇದ್ದೆ..."

ಕೇಳುವ ವ್ಯವಧಾನ ಯಾರಿಗಿದೆ? ಚಂದ್ರಾವತಿ ಅವಳ ಕೈಯಲ್ಲಿದ್ದ ಪೊಟ್ಟಣವನ್ನೇ ಕಿತ್ತು, ಬೆರಳಾಡಿಸಿ, ಕೆದಕಿ, ವಾಪಸು ಕೊಟ್ಟಳು. ಕ್ಲೊಟಿಲ್ಡಾಳ ಮುಖ ಕ್ರೀಮಿನ ಅಡಿಯಲ್ಲೂ ಕೆಂಪಾಯಿತು. ಅವಳ ಈಜುಡುಗೆಯ ಕುತ್ತಿಗೆಯ ಬಳಿ ಕರಿಮಣಿಯ ನಾಲ್ಕು ಕಾಳು ಇಣುಕುತ್ತಿದ್ದವು. ಅದನ್ನು ಕಂಡು ಚಂದ್ರಾವತಿಗೆ ಅಳುವೇ ಬಂತು. ಕ್ರಿಶ್ಚಿಯನ್ ಆದರೂ ನಮ್ಮೂರಿನ ಮದುವೆಯಾದ ಹೆಂಗಸು, ಅವಳದು ಅವಳ ಕುತ್ತಿಗೆಯಲ್ಲಿ ಭದ್ರವಾಗಿದೆ. ಹೋದದ್ದು ತನ್ನದು ಮಾತ್ರ!

ಬಾಯಿಬಿಟ್ಟು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕ್ಲೊಟಿಲ್ಡಾಳಿಗೆ ಹೇಳಿದರೆ ಅವಳ ಗಂಡ ಓಲಿವರನಿಗೆ ಗೊತ್ತಾಗುತ್ತದೆ, ಓಲಿವರನಿಗೆ ಗೊತ್ತಾದರೆ ಕಮಲಾಕ್ಷನಿಗೆ ಗೊತ್ತಾಗುತ್ತದೆ. ಪಂಥ! ಮಾನ! ಚಂದ್ರಾವತಿ ಬಾಯಿ ಹೊಲಿದುಕೊಂಡು ಗುಪ್ತ ತನಿಖೆಗೆ ಇಳಿದಳು.

ಮೊದಲು ಲಾಹೋರಿನ ಯಜಮಾನರ ಪಕ್ಕ ಕೂತು, "ಕೈಸಾ ಹೈ ಭಾಯಿಸಾಬ್?" ಎನ್ನುತ್ತಲೇ ಅವರ ಪೊಟ್ಟಣಕ್ಕೆ ಕೈ ಇಳಿಸಿದಳು. ಅವರು ಒಂದು ಕ್ಷಣ ದಂಗಾದರು. ಆಮೇಲೆ ಕರುಣೆಯಿಂದ "ಬೆಹೆನ್‌ಜೀ, ಭೂಕ್ ಲಗೀ ಹೈ?" ಎಂದು ಪೂರ್ತಿ ಪೊಟ್ಟಣವನ್ನೇ ಕೊಟ್ಟುಬಿಟ್ಟರು. ಅಲ್ಲಿಂದ ಫಿಲಿಪ್ಪೀನ್ಸಿನ ಹುಡುಗಿಯರ ಬಳಿ. ಒಬ್ಬಳ ಪೊಟ್ಟಣಕ್ಕೆ ಕೈ, ಇನ್ನೊಬ್ಬಳದಕ್ಕೆ ಕಣ್ಣು. ಅವರು ಪಾಪ, ಹಸಿದವಳೆಂದು ತಮ್ಮದನ್ನೆಲ್ಲ ಅವಳ ಮಡಿಲಿಗೆ ಸುರಿದರು. ಇಂಗ್ಲಿಷ್ ಮುದುಕ ತಾನಾಗಿಯೇ ಎದ್ದು ಬಂದು, ಬಗ್ಗಿ, ಅರ್ಧ ತಿಂದ ಪೊಟ್ಟಣವನ್ನು ಅರ್ಪಿಸಿ ಹೋದ. ಅಝೀಝ್ ತನ್ನ ಬುತ್ತಿ ಬಿಚ್ಚಿ ಕೋಳಿ ಮಾಂಸದ ಅನ್ನವನ್ನೇ ತಂದು ಮುಂದಿಟ್ಟ.

"ಕುಲ್, ಮದಾಮ್, ಕುಲ್. ಖಾವ್!"

ಕಡಲ ನಡುವಿನ ಮರಳಲ್ಲಿ, ಜಗತ್ತಿನ ಅರ್ಧ ದೇಶಗಳ ಎಂಜಲು ಚರುಂಬುರಿಯ ರಾಶಿಯ ಮುಂದೆ ಕೂತು, ಪೂಜೆಯ ದಿನ ಕೋಳಿಯನ್ನು ಬೇಡವೆಂದು ಕೈಮುಗಿಯುತ್ತಾ, ಒಂದೊಂದೇ ಪೊಟ್ಟಣವನ್ನು ಬಿಚ್ಚಿ ಕೆದಕುವ ಚಂದ್ರಾವತಿಯನ್ನು ನೋಡಿ ಶಹಲಾ ಮೆಲ್ಲನೆ ಬಂದಳು.

"ಅಕ್ಕ, ಮನೆಯಲ್ಲಿ ಎಂತದಾದ್ರೂ ತೊಂದ್ರೆ ಉಂಟಾ? ಊಟ ಸರಿ ಹಾಕ್ತಾರಲ್ಲ?"

ಯಾವ ಪೊಟ್ಟಣದಲ್ಲೂ ಇಲ್ಲ. ಅಷ್ಟರಲ್ಲಿ ನೀರು ಏರತೊಡಗಿತು, ಅಝೀಝ್ ಎಲ್ಲರನ್ನೂ ದೋಣಿಗೆ ಹತ್ತಿಸಿದ. ಕ್ಲೊಟಿಲ್ಡಾ ಮುನಿಸಿಕೊಂಡು ಮಾತಾಡಲೇ ಇಲ್ಲ. ವಾಂತಿಯಾಗದಂತೆ ಒಂದು ಮಾತ್ರೆ ನುಂಗಿ, ಕೆಳಗಿನ ಪುಟ್ಟ ಕ್ಯಾಬಿನ್ನಿಗೆ ಇಳಿದು, ತಲೆಯಿಂದ ಕಾಲಿನವರೆಗೆ ಟವೆಲು ಹೊದ್ದು ಮಲಗಿಬಿಟ್ಟಳು.

ದೋಣಿ ಹೊರಟು ದಿಬ್ಬ ದೂರವಾಗುತ್ತಿದ್ದಂತೆ ಚಂದ್ರಾವತಿಯ ಕೈ ತಾನಾಗಿಯೇ ಕುತ್ತಿಗೆಗೆ ಹೋಯಿತು. ಬರಿದು. ಆ ಬರಿದಾದ ಜಾಗದಲ್ಲಿ ಬಳೆಯಿಲ್ಲದ ಎರಡು ಮುದಿ ಕೈಗಳ ನೆನಪಾಯಿತು. ಅವಳು ಪಂಥ ಮರೆತಳು, ಮಾನ ಮರೆತಳು. ಮಗುವಿನ ಹಾಗೆ ಬಾಯಿಬಿಟ್ಟು ಅತ್ತಳು.

"ದೋಣಿ ನಿಲ್ಸಿ! ನನ್ನ ಕರಿಮಣಿ! ನಮ್ಮ ಅತ್ತೆ ಬಳೆ ಮುರಿದು ಮಾಡ್ಸಿದ್ದು!"

ಶಹಲಾ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಎಲ್ಲರಿಗೂ ವಿವರಿಸಿದಳು. ಲಾಹೋರಿನ ಯಜಮಾನರು ಹೊಟ್ಟೆ ಮುಟ್ಟಿಕೊಂಡು, ತಾವು ಗಟ್ಟಿಯಾದದ್ದೇನನ್ನೂ ನುಂಗಿಲ್ಲ ಎಂದು ಆಣೆ ಇಟ್ಟು ಹೇಳಿದರು. ಹುಡುಗಿಯರು ಚೀಲಗಳನ್ನು ತಲೆಕೆಳಗು ಮಾಡಿದರು. ಅಝೀಝ್ ದೋಣಿ ತಿರುಗಿಸಿದ. ಹೋಗಿ ನೋಡಿದರೆ ಅಲ್ಲಿ ದಿಬ್ಬವೂ ಇಲ್ಲ, ಮರಳೂ ಇಲ್ಲ. ಸ್ವಲ್ಪ ಹೊತ್ತಿನ ಮುಂಚೆ ಅವಳು ಚಾಪೆ ಹಾಸಿ ಕೂತ ಜಾಗದ ಮೇಲೆ ನೀಲಿ ನೀರು ನೆಮ್ಮದಿಯಾಗಿ ಆಡುತ್ತಿತ್ತು.

"ಮದಾಮ್" ಎಂದ ಅಝೀಝ್ ಟೋಪಿ ತೆಗೆದು. "ಜಝೀರಾ ಖಲಾಸ್."

ದ್ವೀಪವೇ ಮುಗಿದಿತ್ತು! ಕೊಡೆ ಕಳೆದವಳು, ಚಪ್ಪಲಿ ಕಳೆದವಳು, ಕೊನೆಗೆ ಒಂದಿಡೀ ದ್ವೀಪವನ್ನೇ ಕಳೆದಳು! ಚಂದ್ರಾವತಿ ಕುಸಿದು ಕೂತು ಗೋಳೋ ಎಂದಳು. ಆ ಗೋಳಿಗೆ ಕ್ಯಾಬಿನ್ನಿನಲ್ಲಿದ್ದ ಟವೆಲಿನ ರಾಶಿ ಅಲುಗಿತು. ಕ್ಲೊಟಿಲ್ಡಾ ಅರೆಗಣ್ಣು ಬಿಟ್ಟು ಮೆಟ್ಟಿಲಿನಿಂದ ತಲೆ ಹೊರಹಾಕಿದಳು.

"ಎಂತದು ಗಲಾಟೆ? ಯಾರು ಸತ್ರು?"

"ನನ್ನ ಕರಿಮಣಿ..."

ಕ್ಲೊಟಿಲ್ಡಾ ಆಕಳಿಸುತ್ತಾ ಈಜುಡುಗೆಯ ಜಿಪ್ಪು ಇಳಿಸಿದಳು. "ಇದಾ?"

ಅವಳ ಕುತ್ತಿಗೆಯಲ್ಲಿ, ತೆಂಗಿನೆಣ್ಣೆಯಿಂದ ಮಿರಮಿರ ಮಿಂಚುತ್ತಾ, ಚಂದ್ರಾವತಿಯ ಕರಿಮಣಿ!

"ಮಂಡಕ್ಕಿ ಕಲಸುವಾಗ ಕೈಗೆ ಸಿಕ್ಕಿತು. ಬ್ಯಾಗಿನಲ್ಲಿಟ್ರೆ ಹೋಗ್ತದೆ ಅಂತ ನನ್ನ ಕುತ್ತಿಗೆಗೇ ಹಾಕ್ಕೊಂಡೆ. ನನ್ನದನ್ನು ನಾನು ಮನೆಯಲ್ಲೇ ಇಟ್ಟು ಬಂದದ್ದು, ಬುದ್ಧಿ ಇದ್ದವರು ಹಾಗೆ ಮಾಡುದು. ನಿಂಗೆ ಹೇಳುವ ಅಂತ ಬಾಯಿ ತೆರೆದೆ, ನೀನು ನನ್ನ ಪೊಟ್ಟಣಕ್ಕೇ ಕೈ ಹಾಕ್ದೆ! ನಾನು ಇಷ್ಟು ವರ್ಷದಲ್ಲಿ ನಿನ್ನ ತಟ್ಟೆಗೆ ಒಂದು ಸಲ ಕೈ ಹಾಕಿದ್ದುಂಟಾ?"

ದೋಣಿಗೆ ದೋಣಿಯೇ ಚಪ್ಪಾಳೆ ತಟ್ಟಿತು. ಚಂದ್ರಾವತಿ ಗೆಳತಿಯನ್ನು ಅಪ್ಪಿ, ಆ ಕ್ರೀಮಿನ ಕೆನ್ನೆಗೆ ಮುತ್ತಿಟ್ಟು, ಕ್ಷಮೆ ಕೇಳಿ, ಕರಿಮಣಿ ಹಾಕಿಕೊಂಡಳು. ಖಾರದ ಪುಡಿ ಕುತ್ತಿಗೆಯನ್ನು ಚುರುಚುರು ಸುಟ್ಟಿತು. ಸುಡಲಿ! ಕ್ಲೊಟಿಲ್ಡಾ "ಇದಕ್ಕಾ ನನ್ನನ್ನು ಎಬ್ಬಿಸಿದ್ದು" ಎಂದು ಗೊಣಗಿ ಮತ್ತೆ ಟವೆಲಿನೊಳಗೆ ಸೇರಿಕೊಂಡಳು.

ಹುಡುಕಾಟದಲ್ಲಿ ತಡವಾಗಿತ್ತು. ಜೆಟ್ಟಿಯಲ್ಲಿ ಸೂರ್ಯಾಸ್ತದ ಪ್ರವಾಸಕ್ಕೆ ಬಂದ ಹೊಸ ಜನ ಸಾಲುಗಟ್ಟಿ ಗೊಣಗುತ್ತಿದ್ದರು. "ಯಲ್ಲಾ, ಯಲ್ಲಾ!" ಎಂದು ಅಝೀಝ್ ಅವಸರ ಮಾಡಿದ. ಆದರೆ ಚಂದ್ರಾವತಿ ಇನ್ನು ಮೈಮರೆಯುವವಳಲ್ಲ. ಒಂದೊಂದನ್ನೂ ಹೆಸರು ಹೇಳಿ ಲೆಕ್ಕ ಹಾಕಿ ಬ್ಯಾಗಿಗೆ ತುಂಬಿದಳು. ತನ್ನದಷ್ಟೇ ಅಲ್ಲ, ಗೆಳತಿಯದ್ದನ್ನೂ! ಶಹಲಾಳಿಗೆ "ಯಾರಿಗೂ ಹೇಳ್ಬೇಡ" ಎಂದು ಕಣ್ಣು ಮಿಟುಕಿಸಿ ಗೆದ್ದ ಸೇನಾಪತಿಯಂತೆ ಇಳಿದಳು.

ಕಾರಿನ ಬಳಿ ಕಮಲಾಕ್ಷ ನಿಂತಿದ್ದ. ಹೆಂಡತಿಯನ್ನು ಕರೆದೊಯ್ಯಲು ಬಂದ ಓಲಿವರ್ ಪಕ್ಕದಲ್ಲಿದ್ದ.

"ಎಂತ ಕಳೀತು?" ಎಂದ ಕಮಲಾಕ್ಷ, ನಮಸ್ಕಾರದ ಬದಲು.

"ನೋಡಿ!" ಚಂದ್ರಾವತಿ ಕಾರಿನ ಮೂತಿಯ ಮೇಲೆ ಬ್ಯಾಗು ಬಿಚ್ಚಿದಳು. "ಡಬ್ಬ ಉಂಟಾ? ಉಂಟು! ಟವೆಲು? ಉಂಟು! ಟೋಪಿ? ಉಂಟು! ಕರಿಮಣಿ? ಕುತ್ತಿಗೆಯಲ್ಲಿ ಉಂಟು! ನಂದು ಮಾತ್ರ ಅಲ್ಲ, ಇದು ಕ್ಲೊಟಿಲ್ಡಾಳ ಟೋಪಿ, ಇದು ಅವಳ ಚಪ್ಪಲಿ, ಇದು ಅವಳ ಫೋನು! ನಾಳೆ ಬೆಳಿಗ್ಗೆ ನಂಗೆ ನೀರುದೋಸೆ ಆಗ್ಬೇಕು, ಆಯ್ತಾ?"

ಕಮಲಾಕ್ಷ ಎಲ್ಲವನ್ನೂ ಒಮ್ಮೆ, ಮತ್ತೊಮ್ಮೆ ನೋಡಿದ. ಸೋಲೊಪ್ಪಿಕೊಳ್ಳಲು ಬಾಯಿ ತೆರೆದ. ಅಷ್ಟರಲ್ಲಿ ಓಲಿವರ್ ಜೆಟ್ಟಿಯ ಉದ್ದಕ್ಕೂ ಕಣ್ಣಾಡಿಸಿ, ತೀರಾ ಮರ್ಯಾದೆಯಿಂದ ಕೇಳಿದ.

"ಚಂದ್ರಕ್ಕ, ನಮ್ಮ ಕ್ಲೊಟಿಲ್ಡಾ ಎಲ್ಲಿ?"

ಚಂದ್ರಾವತಿ ತಿರುಗಿ ನೋಡಿದಳು. ಅಝೀಝನ ದೋಣಿ ಹೊಸ ಜನರನ್ನು ತುಂಬಿಕೊಂಡು, ಜೋರಾಗಿ ಹಾಡು ಹಾಕಿಕೊಂಡು, ಆಗಲೇ ನಡುಗಡಲು ಸೇರಿತ್ತು. ಓಲಿವರ್ ಗಾಬರಿಯಲ್ಲಿ ಹೆಂಡತಿಗೆ ಫೋನು ಹಚ್ಚಿದ. ಕಾರಿನ ಮೂತಿಯ ಮೇಲೆ, ಚಪ್ಪಲಿಯ ಪಕ್ಕ, ಫೋನು ಟ್ರಿಣ್ ಟ್ರಿಣ್ ಎಂದು ಕುಣಿಯಿತು.

ಕಮಲಾಕ್ಷ ಅದನ್ನೆತ್ತಿ ಹೆಂಡತಿಯ ಕೈಗಿಟ್ಟ.

"ಒಂದು ಪಿನ್ನು ಸಹ ಕಳೀಲಿಲ್ಲ, ಒಪ್ಪಿದೆ. ಆದ್ರೆ ನಾಳೆಯಿಂದ ನೀರುದೋಸೆ ನೀನೇ ಮಾಡು ಚಂದ್ರಾ, ಹೆಂಡತಿ ಕಳೆದುಹೋದ ಓಲಿವರ್‌ಗೂ ಸೇರಿಸಿ."